ಪುಕ್ಕಟೆ ಕರಿದದ್ದು, ದುಬಾರಿ ಬೇಯಿಸಿದ್ದು

ಪ್ರೀತಿಯ ಅತ್ತಿಗೆ,

ಎದುರು ನಿಂತು ಹೇಳಹೊರಟರೆ "ಸಾಕು, ತಲೆ ತಿನ್ಬೇಡ" ಎಂದು ಓಡಿಸುತ್ತೀರಿ. ಅದಕ್ಕೇ ಈ ಡಬ್ಬಿಯ ಜೊತೆ ಬರೆದು ಕಳಿಸುತ್ತಿದ್ದೇನೆ. ಹೊಲಿಗೆ ಯಂತ್ರ ನಿಲ್ಲಿಸಿ ಓದಿ.

ಟ್ಯಾಕ್ಸಿ ಓಡಿಸಿ ದಣಿದ ಅಣ್ಣ ನನ್ನ ಗಾಡಿಯ ಮುಂದೆ ನಿಂತರೆ ಬನ್ನು, ಕರಿದ ಆಲೂಗಡ್ಡೆ ಎಲ್ಲ ಪುಕ್ಕಟೆ. ತಮ್ಮನ ವ್ಯಾಪಾರವಲ್ಲವೇ! ಆದರೆ ಡಾಕ್ಟರು "ಹೃದಯದ ರಕ್ತನಾಳ ಕಟ್ಕೊಳ್ತಾ ಇದೆ, ಹೀಗೇ ತಿಂದ್ರೆ ಜೀವಕ್ಕೇ ಅಪಾಯ" ಎಂದ ದಿನವೇ ನಾನು ಅವನ ತಟ್ಟೆ ನಿಲ್ಲಿಸಿದೆ. ನಿಮ್ಮ ಡಬ್ಬಿ ಶುರುವಾಯಿತು: ಬೇಯಿಸಿದ ಕಾಳು, ಸೊಪ್ಪು, ಹಣ್ಣು. "ಇದೆಲ್ಲ ದುಡ್ಡಿರೋರ ಊಟ ಕಣೋ" ಎಂದು ಅಣ್ಣನ ಗೊಣಗಾಟವೋ ಗೊಣಗಾಟ.

ಹಾಗೆಂದವನು ಎದುರು ಬೀದಿಯ ಗಾಡಿಗೆ ಹೋಗಿ, ದುಡ್ಡು ಕೊಟ್ಟು ಕರಿದದ್ದನ್ನೇ ತಿಂದ! ಆ ಗಾಡಿಯವನೇ ಬಂದು "ನಿಮ್ಮಣ್ಣ ಈಗ ನಮ್ಮ ಖಾಯಂ ಗಿರಾಕಿ" ಎಂದು ಹಲ್ಲು ಕಿರಿದ. ಮೈಯೆಲ್ಲ ಉರಿದುಹೋಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ಅತ್ತಿಗೆ. ಅಣ್ಣನಿಲ್ಲದ ಮನೆ ನನಗೆ ಊಹಿಸಲೂ ಆಗದು.

ನನ್ನ ಗಾಡಿಯಲ್ಲೇ ಬೇಯಿಸಿಕೊಟ್ಟರೆ ತಿಂದಾನು ಎಂದು ಹುಮ್ಮಸ್ಸಿನಿಂದ ಹೊರಟೆ. ಅಬ್ಬಾ! ಕರಿಯುವುದೆಂದರೆ ಪ್ಯಾಕೆಟ್ಟು ಹರಿ, ಎಣ್ಣೆಗೆ ಸುರಿ. ಗಿರಾಕಿ ಜೇಬಿಗೆ ಕೈ ಹಾಕುವಷ್ಟರಲ್ಲಿ ತಯಾರು. ಬೇಯಿಸುವುದೋ, ಕಾಳು ನೆನೆಸು, ಸೊಪ್ಪಿನ ಮಣ್ಣು ತೊಳೆ, ಸಿಪ್ಪೆ ತೆಗೆ, ಹೆಚ್ಚು. ಸೊಂಟ ಬಿದ್ದುಹೋಯಿತು, ಗಾಡಿ ತೆರೆಯುವ ಹೊತ್ತೂ ಮೀರಿತು. ತರಕಾರಿಗೆ ಕೊಟ್ಟ ದುಡ್ಡಿಗೆ ನಾವು ಗೊಣಗಿದ್ದೇ ಬಂತು, ನಿಮ್ಮ ಬೆಳಗಿನ ದುಡಿಮೆಯನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ.

ಅಣ್ಣನನ್ನು ಕರೆದು ಕೈಗೆ ಚಾಕು ಕೊಟ್ಟೆ. ಕ್ಯಾರೆಟ್ಟನ್ನು ಸೌದೆಯಂತೆ ಕಡಿಯುತ್ತ ಕೂತವನು ಸ್ವಲ್ಪ ಹೊತ್ತಿಗೆ ಮೆತ್ತಗಾದ.

"ಅವಳು ದಿನಾ ಇಷ್ಟೆಲ್ಲ ಮಾಡ್ತಾಳೇನೋ?"

"ಇನ್ನೇನು, ಡಬ್ಬಿ ಆಕಾಶದಿಂದ ಉದುರುತ್ತಾ?"

ಅವತ್ತು ಬೇಯಿಸಿದ್ದನ್ನು ಒಂದು ಕಾಳೂ ಬಿಡದೆ ತಿಂದ. ಎದುರು ಗಾಡಿಯತ್ತ ಮತ್ತೆ ತಲೆ ಹಾಕಿಲ್ಲ. ಈ ವಾರವೆಲ್ಲ "ಬೆಳಗಿನ ಬಾಡಿಗೆ ಇದೆ" ಎಂದು ನಿಮಗೆ ಸುಳ್ಳು ಹೇಳಿ ಬರುತ್ತಿದ್ದುದು ನನ್ನ ಜೊತೆ ತರಕಾರಿ ಹೆಚ್ಚುವುದಕ್ಕೇ.

ನಾಳೆಯಿಂದ ಡಬ್ಬಿ ನಮ್ಮ ಜವಾಬ್ದಾರಿ. ಸೂರ್ಯ ನೆತ್ತಿಗೇರುವವರೆಗೆ ಮಲಗಿ, ಕೇಳುವವರಿಲ್ಲ. ಉಪ್ಪು ಕಡಿಮೆ ಎನಿಸಿದರೆ ನಿಮ್ಮ ಗಂಡನನ್ನು ಬೈಯಿರಿ, ಅದು ಅವನ ಕೈವಾಡ. ಮತ್ತೆ, ಈ ಡಬ್ಬಿಯನ್ನು ಅಣ್ಣನಿಗೆಂದು ಎತ್ತಿಡಬೇಡಿ. ಎಲ್ಲರದೂ ಆದಮೇಲೆ ಪಾತ್ರೆಯ ತಳ ಕೆರೆದು ಉಣ್ಣುವವರು ನೀವು. ಇವತ್ತು ಒಲೆಯಿಂದ ಇಳಿಸಿದ ಮೊದಲ ಪಾಲು ನಿಮ್ಮದು. ಬಿಸಿ ಆರುವ ಮೊದಲೇ ಉಣ್ಣಿ.

ನಿಮ್ಮ ಹೊಟ್ಟೆ ತಂಪಾಗಿರಲಿ ಎಂದು ಹಾರೈಸುವ,
ಹೆಚ್ಚುವಾಗ ಕೊಯ್ದುಕೊಂಡ ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡಿರುವ
ನಿಮ್ಮ ಮೈದುನ