ರೈಟ್ ಅಂದರೆ ಬಲಕ್ಕೆ

ಹರಿಹರ
ತಾ. 27-7-1964

ಚಿ. ಸೌ. ಉಚ್ಚಂಗಮ್ಮನಿಗೆ ಅವ್ವನ ಆಶೀರ್ವಾದ.

ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾರೆ ನೋಡು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ಎಲ್ಲಿ ಕೊಡಬೇಕು ಎಂದು ಯೋಚಿಸುವುದರೊಳಗೆ ಒಲೆ ಮೇಲಿನ ಅನ್ನ ಸೀಯುತ್ತದೆ. ಇಷ್ಟು ವರ್ಷ ನಿನಗೆ ಕಾಗದ ಹಾಕಿದವರು ನಿಮ್ಮಪ್ಪ. ನಾನು ಒಳಗಿನಿಂದ ಕೂಗಿ ಹೇಳುತ್ತಿದ್ದೆ, ಅವರು ತಮಗೆ ಬೇಕಾದ್ದು ಬರೆಯುತ್ತಿದ್ದರು. ಈಗ ಕೈ ನೋಯುತ್ತದೆಯಂತೆ, ನೀನೇ ಬರಿ ಅಂದರು. ಕೈ ನೋವೂ ಇಲ್ಲ, ಕಾಲು ನೋವೂ ಇಲ್ಲ. ತಪ್ಪಿದ್ದರೆ ನಗಬೇಡ. ನಕ್ಕರೆ ನನಗೆ ಇಲ್ಲಿಗೇ ಗೊತ್ತಾಗುತ್ತದೆ.

ನಿಮ್ಮಪ್ಪ ಎದುರಿಗೇ ಜಗಲಿ ಮೇಲೆ ಕೂತು ಹೇಳುತ್ತಿದ್ದಾರೆ. "ಕಾರು ರಿಪೇರಿ ಆಗ್ತೈತೆ, ಶಿವಮೊಗ್ಗದ ಮ್ಯಾಲೆ ಆಗುಂಬೆ ಘಾಟಿ ಇಳಿದು ಪಂಚಮಿ ಹೊತ್ತಿಗೆ ಉಡುಪಿಗೆ ಬಂದೇ ಬರ್ತೀವಿ ಅಂತ ಬರಿ." ನಾನು ಬರೆಯುತ್ತಿರುವುದು ಇದನ್ನು. ಮಾರು ದೂರದಲ್ಲಿ ಕೂತಿದ್ದರೂ ಅವರಿಗೆ ತಿಳಿಯುವುದಿಲ್ಲ. ಯಾಕೆ ತಿಳಿಯುವುದಿಲ್ಲ ಎಂದರೆ, ನಿಮ್ಮಪ್ಪನಿಗೆ ಕಣ್ಣು ಕಾಣುತ್ತಿಲ್ಲ, ಉಚ್ಚಂಗಿ.

ಒಂದೇ ಸಲಕ್ಕೆ ಹೇಳಿಬಿಟ್ಟೆ. ಸುತ್ತಿ ಬಳಸಿ ಬರೆಯುವಷ್ಟು ಅಕ್ಷರ ನನಗೆ ಬರುವುದಿಲ್ಲ.

ಮೊದಲಿನಿಂದ ಕೇಳು. ನೀನು ಈ ವರ್ಷ ಪಂಚಮಿಗೆ ದಾವಣಗೆರೆಗೆ ಬರಲು ಆಗುವುದಿಲ್ಲ, ಮಗುವಿಗೆ ಮೈ ಹುಷಾರಿಲ್ಲ ಎಂದು ಬರೆದೆಯಲ್ಲ, ಅವತ್ತೇ ಇದು ಶುರುವಾಯಿತು. ಮಗಳು ಬರದಿದ್ದರೆ ನಾವೇ ಹೋಗೋಣ ಎಂದರು. ಆಗಲಿ, ಬಸ್ಸಿಗೆ ಹೋಗೋಣ ಎಂದೆ. "ಮೂವತ್ತು ವರ್ಷ ಬಸ್ಸಿನ ಮುಂದ ಕೂತವ ಈಗ ಹಿಂದ ಟಿಕೀಟು ತಗೊಂಡು ಕೂಡ್ಲೇನು?" ಎಂದು ನನ್ನ ಮೇಲೇ ಬಿದ್ದರು. ಕೆಲಸ ಬಿಟ್ಟ ಮೇಲೆ ಆ ಹಳೇ ಆಸ್ಟಿನ್ ಕಾರು ತಂದು ಬೇವಿನ ಮರದ ಕೆಳಗೆ ನಿಲ್ಲಿಸಿದ್ದು ಸುಮ್ಮನೆ ಒರೆಸುವುದಕ್ಕೆ ಎಂದು ನಾನು ತಿಳಿದಿದ್ದೆ. ಒಂದು ದಿನ ಬೆಳಿಗ್ಗೆ ನಿಂಬೆಹಣ್ಣು ಕಟ್ಟಿ, ಬೀದಿಯವರನ್ನೆಲ್ಲ ಕರೆದು ತೋರಿಸಿ, ಹೊರಡಿಸಿದರು.

ನೇರವಾಗಿ ಆಗುಂಬೆ ಘಾಟಿ ಇಳಿದು ನಿನ್ನಲ್ಲಿಗೆ ಬಂದಿದ್ದರೆ ಏನಾಗುತ್ತಿತ್ತೋ. ಹಾಗೆ ಬರಲಿಲ್ಲ. ಹುಬ್ಬಳ್ಳಿಯಲ್ಲಿ ಮಠ ನೋಡಿ, ಧಾರವಾಡದಲ್ಲಿ ನಿನ್ನ ಸೋದರತ್ತೆಯ ಮನೆಯಲ್ಲಿ ಉಂಡು, ಆ ಕಡೆಯಿಂದ ಸಮುದ್ರದ ದಂಡೆ ಹಿಡಿದು ಕೆಳಗೆ ಬರುವುದೆಂದು ಹೊರಟೆವು. ರಾಣೆಬೆನ್ನೂರು ದಾಟುವುದರೊಳಗೆ ಮಳೆ ಹಿಡಿಯಿತು. ಗಾಜು ಒರೆಸುವ ಕಡ್ಡಿ ಎರಡು ಸಲ ಆಡಿ ಸತ್ತೇ ಹೋಯಿತು. ತಂಬಾಕು ನೆನೆಸಿ ಗಾಜಿಗೆ ಉಜ್ಜು, ನೀರು ನಿಲ್ಲುವುದಿಲ್ಲ ಎಂದರು. ನಾನು ಸೆರಗು ಸೊಂಟಕ್ಕೆ ಸಿಗಿಸಿ ಮಳೆಯಲ್ಲಿ ನಿಂತು ಉಜ್ಜಿದೆ. ಗಾಜು ಸ್ವಚ್ಛವಾಯಿತು. ನನಗೆ ರಸ್ತೆ ಕಾಣುತ್ತಿತ್ತು. ಆದರೂ ಬ್ಯಾಡಗಿ ಹತ್ತಿರ ರಸ್ತೆಗೆಂದು ರಾಶಿ ಹಾಕಿದ್ದ ಜಲ್ಲಿ ಮೇಲೆ ಗಾಡಿ ಹತ್ತಿಸಿದರು. ತಂಬಾಕು ಸರಿ ಉಜ್ಜಿಲ್ಲ ಎಂದು ನನಗೇ ಬೈದರು. ನಾನೂ ಬಿಡಲಿಲ್ಲ, ಬೈದೆ.

ಧಾರವಾಡ ಬಿಟ್ಟು ಯಲ್ಲಾಪುರಕ್ಕೆ ಹೋದರೆ, ಮುಂದೆ ಹೊಳೆಗಳೆಲ್ಲ ತುಂಬಿವೆ, ದಾಟಿಸುವ ದೋಣಿ ನಿಲ್ಲಿಸಿದ್ದಾರೆ, ವಾಪಸ್ ಹೋಗಿರಿ ಎಂದರು. ಅಲ್ಲಿ ಗಾಡಿ ತಿರುಗಿಸುವಾಗ ಒಂದು ಚಹಾದ ಅಂಗಡಿಯ ಕಂಬಕ್ಕೆ ಗುದ್ದಿ, ತಗಡು ಪೂರ್ತಿ ಕೆಳಗೆ ಬಂತು. ಅಂಗಡಿಯ ಹೆಂಗಸು ನನ್ನ ಕಡೆ ನೋಡಿ, "ನಿಮ್ಮ ಯಜಮಾನ್ರು ಕುಡೀತಾರೇನ್ರಿ?" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಕುಡಿಯುವವರಾಗಿದ್ದರೆ ಎಷ್ಟೋ ವಾಸಿಯಿತ್ತು ಎಂದು ಈಗ ಅನ್ನಿಸುತ್ತದೆ.

ಇಷ್ಟೆಲ್ಲ ಆದರೂ ನನಗೆ ಹೊಳೆಯಲಿಲ್ಲ. ಯಾಕೆ ಹೊಳೆಯಲಿಲ್ಲ ಎಂದರೆ, ನಿಮ್ಮಪ್ಪ ನನ್ನನ್ನು ಮಂಕು ಮಾಡಿದ್ದರು. ದಾರಿಯುದ್ದಕ್ಕೂ ಮೈಲಿಗಲ್ಲು ಬಂದಾಗ, "ಓದು ನೋಡೋಣ, ಎರಡನೇ ಕ್ಲಾಸು ಎಷ್ಟು ನೆನಪೈತೆ" ಎನ್ನುವರು. ನಾನು ಕತ್ತು ಹೊರಗೆ ಚಾಚಿ, ಹಾವೇರಿ ಇಷ್ಟು, ಹುಬ್ಬಳ್ಳಿ ಇಷ್ಟು ಎಂದು ಕೂಗಿ ಓದುತ್ತಿದ್ದೆ. ಭೇಷ್ ಎನ್ನುವರು. ಎದುರಿಗೆ ಬರುವುದು ಲಾರಿಯೋ ಎತ್ತಿನ ಚಕ್ಕಡಿಯೋ ಹೇಳು ಎನ್ನುವರು. ಹೇಳುತ್ತಿದ್ದೆ. ಮದುವೆಯಾದಾಗಿನಿಂದ ನನ್ನ ಜೊತೆ ಅಷ್ಟು ಮಾತಾಡಿದವರಲ್ಲ. ನಾನು ಹುಚ್ಚಿ, ಮುದುಕರಿಗೆ ಈ ವಯಸ್ಸಿನಲ್ಲಿ ಹೆಂಡತಿ ಮೇಲೆ ಪ್ರೀತಿ ಬಂದಿದೆ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಇದನ್ನು ನಿನ್ನ ಗಂಡನಿಗೆ ಓದಬೇಡ.

ವಾಪಸ್ ಬರುವಾಗ ಹರಿಹರ ಇನ್ನೇನು ಬಂತು, ಹೊಳೆಯ ಸೇತುವೆ ಕಾಣುತ್ತಿದೆ. ಈ ರಸ್ತೆ ಅವರಿಗೆ ಅಂಗೈ ಇದ್ದ ಹಾಗೆ, ನಾನು ಏನೂ ಹೇಳುವುದು ಬೇಕಿರಲಿಲ್ಲ, ಹಾಗಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ. ಮಳೆಗೆ ರಸ್ತೆಯ ಎಡಗಡೆ ಅಂಚು ಕೊಚ್ಚಿಹೋಗಿ ಮೋರಿ ಬಾಯಿ ತೆರೆದಿತ್ತು. ಅಲ್ಲಿ ಛತ್ರಿ ಹಿಡಿದು ನಿಂತಿದ್ದ ರಸ್ತೆ ಕೆಲಸದ ಓವರ್ಸಿಯರ್ "ರೈಟ್! ರೈಟ್!" ಎಂದು ಕೂಗುತ್ತಿದ್ದ. ನಾನು ತಲೆ ಎತ್ತುವುದರೊಳಗೆ ನಿಮ್ಮಪ್ಪ ಗಾಡಿ ಜೋರು ಮಾಡಿ ನೆಟ್ಟಗೆ ಬಿಟ್ಟರು. ಎಡಗಡೆ ಗಾಲಿ ಮೋರಿಗೆ ಇಳಿಯಿತು. ಗಾಡಿ ಮಗ್ಗುಲಿಗೆ ವಾಲಿ, ನಾನು ಬಾಗಿಲಿಗೆ ಬಿದ್ದೆ. ಕೈಯಲ್ಲಿದ್ದ ಹಸಿರು ಬಳೆ ಅಷ್ಟೂ ಹೋದವು. ಗಾಜಿನ ಆ ಕಡೆ ನೀರು ಕೆಂಪಗೆ ಸುತ್ತುತ್ತಿತ್ತು. ಹೆದರಬೇಡ, ಬದುಕಿದ್ದೇನೆ, ಬೇರೆ ಬಳೆ ಇಟ್ಟುಕೊಂಡಿದ್ದೇನೆ.

ಜನ ಸೇರಿ ಎಳೆದು ಹೊರಗೆ ತೆಗೆದರು. ಇಳಿದವರೇ ನಿಮ್ಮಪ್ಪ ಓವರ್ಸಿಯರ್ ಮೇಲೆ ಹೋದರು. "ಮೋರಿ ಒಡೆದೈತೆ, ರೈಟ್ ಅಂತ ಹೆಂಗ್ ಕೂಗ್ತೀಯಪ್ಪಾ ನೀನು?"

"ಬಲಕ್ಕೆ ಹೋಗ್ರಿ ಅಂತ ಕೂಗಿದೆ. ರೈಟ್ ಅಂದ್ರೆ ಬಲಕ್ಕೆ ಅಂತ ಅಲ್ಲೇನ್ರಿ?"

"ಯಾವ ಊರಾಗೋ? ಕಂಡಕ್ಟರ್ ರೈಟ್ ಅಂದ್ರೆ ಗಾಡಿ ಬಿಡು ಅಂತ. ಮೂವತ್ತು ವರ್ಷ ಅದನ್ನೇ ಕೇಳೀನಿ."

ಸೇರಿದ್ದವರೆಲ್ಲ ನಕ್ಕರು. ಡ್ರೈವರಪ್ಪ ಹೇಳೋದೇ ಖರೆ ಎಂದು ಒಬ್ಬ ಅಂದ. ನನಗೂ ನಗು ಬಂತು. ಆ ಓವರ್ಸಿಯರ್ ಹುಡುಗನಿಗೆ ಅವಮಾನವಾಗಿರಬೇಕು. ಅವನು ಹೇಳಿದ, "ಅದು ಹೋಗ್ಲಿ ಯಜಮಾನ್ರೇ, ಕೆಂಪು ಬಾವುಟ ಹಿಡಿದು ನಿಮ್ಮ ಮುಂದೇ ಬೀಸ್ತಿದ್ದೆ. ಅದಕ್ಕೂ ಕಂಡಕ್ಟರ್ ಬೇಕೇನ್ರಿ?"

ನಿಮ್ಮಪ್ಪ ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ, "ಬಾವುಟ ಇತ್ತೇನು?" ಎಂದರು.

ಬಾವುಟ ಆಗಲೂ ಅವನ ಕೈಯಲ್ಲೇ ಇತ್ತು, ನನ್ನ ಸೀರೆಯಷ್ಟು ಕೆಂಪಗೆ. ನಾನು, "ಇರಲಿಲ್ಲ ಬಿಡ್ರಿ, ಸುಳ್ಳು ಹೇಳ್ತಾನೆ" ಎಂದೆ. ಯಾಕೆ ಹಾಗೆ ಹೇಳಿದೆನೋ ದೇವರಿಗೇ ಗೊತ್ತು. ಹೇಳಿದ್ದಕ್ಕೆ ಈಗ ಅನುಭವಿಸುತ್ತಿದ್ದೇನೆ. ನನ್ನ ಮಾತನ್ನೇ ಗಟ್ಟಿ ಹಿಡಿದು, ತಪ್ಪು ಓವರ್ಸಿಯರ್‌ನದು, ನನ್ನದಲ್ಲ, ಆಗುಂಬೆಗೆ ಹೋಗೇ ಹೋಗುತ್ತೇನೆ ಎಂದು ಕೂತಿದ್ದಾರೆ.

ಎತ್ತು ಕಟ್ಟಿ ಕಾರನ್ನು ಹರಿಹರಕ್ಕೆ ಎಳೆಸಿದೆವು. ನನ್ನ ಜೊತೆ ಆಡಿ ಬೆಳೆದ ದ್ರಾಕ್ಷಾಯಣಮ್ಮನ ಮನೆಯಲ್ಲಿ ಇದ್ದೇವೆ. ಕಾರು ಫಜಲುಲ್ಲಾ ಎಂಬುವವನ ಗ್ಯಾರೇಜಿನಲ್ಲಿದೆ. ನಿಜ ಹೇಳಬೇಕೆಂದರೆ ಅದು ಮೊನ್ನೆಯೇ ರಿಪೇರಿ ಆಗಿದೆ. ನಾನೇ ಹೋಗಿ, ಗಾಲಿ ಬಿಚ್ಚಿಡಪ್ಪ, ಸಾಮಾನು ಹುಬ್ಬಳ್ಳಿಯಿಂದ ಬರಬೇಕು ಎಂದು ಹೇಳು ಎಂದೆ. ಅವನು ನನ್ನ ಮುಖ ನೋಡಿ, "ಹೇಳ್ತೀನಮ್ಮಾ, ಆದ್ರೆ ಬಹಳ ದಿನ ನಡಿಯಂಗಿಲ್ಲ. ಅವ್ರು ಹಳೇ ಡ್ರೈವರ್ರು. ಇಂಜಿನ್ ಸದ್ದು ಕೇಳೇ ನನ್ನ ಸುಳ್ಳು ಹಿಡೀತಾರೆ" ಎಂದ. ದಿನಾ ಬೆಳಿಗ್ಗೆ ನಿಮ್ಮಪ್ಪ ಅಲ್ಲಿಗೆ ಹೋಗಿ ಕೂರುತ್ತಾರೆ. ನಾನು ಹಿಂದೆಯೇ ಹೋಗುತ್ತೇನೆ, ತರಕಾರಿ ತರುವ ನೆಪದಲ್ಲಿ. ಮನೆಯಲ್ಲಿ ಬದನೆಕಾಯಿ ರಾಶಿ ಬಿದ್ದಿದೆ.

ನೇರವಾಗಿ ಕೇಳಬಾರದೇ ಎನ್ನುತ್ತೀಯ. ಕೇಳಿದೆ. "ನಿಮಗೆ ಕಣ್ಣು ಕಾಣ್ತೈತೋ ಇಲ್ಲೋ ಹೇಳ್ರಿ" ಎಂದೆ. "ನಿನ್ನ ಬಾಯಿ ಕಾಣ್ತೈತೆ, ಅಷ್ಟು ಸಾಕು" ಎಂದರು. ನಾನು ಸುಮ್ಮನಾಗುವವಳೇ? ಎರಡು ಬೆರಳು ಎತ್ತಿ ಎಷ್ಟು ಹೇಳಿ ಎಂದೆ. ತಟ್ಟೆ ದೂಡಿ ಎದ್ದು ಹೋದರು. ಆ ದಿನ ಪೂರ್ತಿ ಉಣ್ಣಲಿಲ್ಲ. ಬಿಸಿಲಿಗೆ ನಿಂತಾಗ ನಾನು ನೋಡಿದ್ದೇನೆ, ಎರಡೂ ಕಣ್ಣಿನೊಳಗೆ ಬೂದು ಬಣ್ಣದ ಪೊರೆ ಇದೆ. ಮಂಗಳೂರಿನಲ್ಲಿ ಪೊರೆ ತೆಗೆಯುವ ಡಾಕ್ಟರ್ ಇದ್ದಾರೆ ಎಂದು ನೀನೇ ಒಮ್ಮೆ ಬರೆದಿದ್ದೆ. ಅಲ್ಲಿಯವರೆಗೆ ಇವರನ್ನು ಜೀವಂತ ತಲುಪಿಸಬೇಕಲ್ಲ. ಬಸ್ಸಿಗೆ ಬರುವುದಿಲ್ಲ. ಬೇರೆ ಡ್ರೈವರ್ ಎಂದರೆ ಕಾರನ್ನು ಹೊಳೆಗೆ ನೂಕುತ್ತೇನೆ ಎನ್ನುತ್ತಾರೆ. ಆಗುಂಬೆಯಲ್ಲಿ ಅವರು ಒಂದು ಸಲವೂ ಗಾಡಿ ಬಿಟ್ಟವರಲ್ಲ. ಆ ತಿರುವುಗಳನ್ನು, ಈ ಮಳೆಯಲ್ಲಿ, ನಾನು ಹೇಗೆ ಓದಿ ಹೇಳಲಿ?

ಈಗ ನೀನು ಮಾಡಬೇಕಾದ್ದು ಕೇಳು. ಅಳಿಯಂದಿರು ಆಫೀಸಿನ ಜೀಪು ಓಡಿಸುತ್ತಾರೆ, ವಾರಕ್ಕೊಮ್ಮೆ ಆಗುಂಬೆ ಹತ್ತಿ ಇಳಿಯುತ್ತಾರೆ. ಅವರು ತಮಗೆ ಘಾಟಿ ಬರುವುದಿಲ್ಲ ಎಂದು ಹೇಳಬೇಕು. ಘಾಟಿ ಡ್ಯೂಟಿ ಹಾಕಿದ್ದಾರೆ, ಭಯವಾಗುತ್ತದೆ, ಹರಿಹರಕ್ಕೆ ಬರುತ್ತೇನೆ, ಮಾವನವರು ಪಕ್ಕದಲ್ಲಿ ಕೂತು ಕಲಿಸಿಕೊಡಬೇಕು ಎಂದು ಕಾಗದ ಬರೆಯಲಿ. ಗಂಡಸರಿಗೆ ಬರುವುದಿಲ್ಲ ಎನ್ನುವುದು ಕಷ್ಟ. ಆದರೂ ಬರೆಸು. ಕಲಿಸು ಎಂದರೆ ನಿಮ್ಮಪ್ಪ ಸ್ಟೇರಿಂಗ್ ಬಿಟ್ಟುಕೊಡುತ್ತಾರೆ. ಕಾಣುವುದಿಲ್ಲ ಎಂದರೆ ಬಿಡುವುದಿಲ್ಲ. ದಾರಿಯಲ್ಲಿ ಎರಡು ಬೈಗುಳ ಬೀಳುತ್ತವೆ, ತಡೆದುಕೊಳ್ಳಲಿ. ಕಾಗದವನ್ನು ದ್ರಾಕ್ಷಾಯಣಮ್ಮ ನಿಮ್ಮಪ್ಪನ ಮುಂದೆ ಜೋರಾಗಿ ಓದುತ್ತಾಳೆ, ಅದಕ್ಕೇ ಅದರಲ್ಲಿ ಕಣ್ಣು ಎಂಬ ಮಾತು ಎಲ್ಲೂ ಬರಕೂಡದು. ಮಗುವನ್ನು ಬಿಟ್ಟು ನೀನು ಬರಬೇಡ.

"ಇಷ್ಟೊತ್ತು ಏನ್ ಬರೀತೀಯೇ? ಓದು" ಎಂದು ಈಗ ಕೇಳಿದರು. ನಾನು ಕಾಗದ ಎತ್ತಿ ಹಿಡಿದು, ನಾವಿಬ್ಬರೂ ಕ್ಷೇಮ, ಕಾರು ಚೆನ್ನಾಗಿದೆ, ಪಂಚಮಿಗೆ ಬರುತ್ತೇವೆ, ಮಗುವಿಗೆ ಮುತ್ತು ಎಂದು ಓದಿದೆ. "ಅಷ್ಟೇನಾ? ಎರಡು ಹಾಳೆ ತುಂಬಿಸೀಯಲ್ಲ?" ಎಂದರು. ನನ್ನ ಅಕ್ಷರ ದಪ್ಪ ಎಂದೆ. ಒಳಗಿದ್ದ ದ್ರಾಕ್ಷಾಯಣಮ್ಮ ಕೆಮ್ಮುವ ಹಾಗೆ ಮಾಡಿ ಹಿತ್ತಲಿಗೆ ಹೋದಳು.

ಉತ್ತರ ಬರದಿದ್ದರೆ ಅವ್ವ ಕಾರು ಹತ್ತುವುದಿಲ್ಲ, ಹಟ ಹಿಡಿದು ನಿಲ್ಲಿಸುತ್ತಾಳೆ ಎಂದು ತಿಳಿಯಬೇಡ. ಹತ್ತುತ್ತೇನೆ. ಅವರೊಬ್ಬರನ್ನೇ ಕಳಿಸಲಾರೆ. ಫಜಲುಲ್ಲಾ ಇನ್ನು ಎಂಟು ಹತ್ತು ದಿನಕ್ಕಿಂತ ಹೆಚ್ಚು ತಡೆಯಲಾರ. ಆಗಸ್ಟ್ ಐದನೇ ತಾರೀಖಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ನಿನ್ನ ಅವ್ವ,
ರಂಗವ್ವ

ಇನ್ನೊಂದು ಮಾತು: ಲಕೋಟೆ ಅಂಟಿಸುವಾಗ ನಿಮ್ಮಪ್ಪ, ಮಗಳು ಅಪ್ಪ ಮರೆತ ಅಂದುಕೊಳ್ಳಬಾರದು, ನಾನೂ ಸಹಿ ಹಾಕುತ್ತೇನೆ ಎಂದು ಕಾಗದ ಕಸಿದುಕೊಂಡರು. ಜಾಗಕ್ಕೆ ಬೆರಳಿಟ್ಟು ತೋರಿಸಲು ಹೋದೆ, ನನ್ನ ಕೈ ಸರಿಸಿದರು. ಖಾಲಿ ಜಾಗ ಬಿಟ್ಟು, ಬರೆದ ಸಾಲಿನ ಮೇಲೆ ಅಡ್ಡಡ್ಡ ಹಾಕಿದ್ದಾರೆ. ತಾರೀಖು ಮುಚ್ಚಿಹೋಗಿದೆ. "ಹೆಂಗ್ ಬಂತು?" ಎಂದು ಕೇಳಿದರು. ಚಂದ ಬಂತು ಎಂದೆ. ಸಹಿಯ ಕೆಳಗೆ ಇರುವುದು ಆಗಸ್ಟ್ ಐದು. ಅಷ್ಟರೊಳಗೆ ಉತ್ತರ ಬರಬೇಕು.