ನಾಲ್ಕೇ ಉಲ್ಲೇಖದ ಡಾಕ್ಟರಮ್ಮನ ಪರವಾಗಿ

ವೈದ್ಯಕೀಯ ಕಾಲೇಜಿನ ಬಡ್ತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಡಾ. ಹೇಮಶ್ರೀ ಅವರ ಬಡ್ತಿಯನ್ನು ತಾವು ತಡೆಹಿಡಿದಿದ್ದೀರಿ. ಇಲಿಜ್ವರದ ಬಗ್ಗೆ ಅವರು ಬರೆದ ಸಂಶೋಧನಾ ಲೇಖನವನ್ನು ಆರು ವರ್ಷಗಳಲ್ಲಿ ಬೇರೆ ಲೇಖನಗಳಲ್ಲಿ ನಾಲ್ಕೇ ಸಲ ಉಲ್ಲೇಖಿಸಲಾಗಿದೆಯಂತೆ. ಆದ್ದರಿಂದ ‘ಪ್ರಭಾವ ಅತ್ಯಲ್ಪ’ವಂತೆ. ಈ ಆದೇಶ ನನಗೆ ಹೇಗೆ ಸಿಕ್ಕಿತೆಂದು ಹುಬ್ಬೇರಿಸಬೇಡಿ. ನಾನು ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯವನು. ಅವರೇ ತಂದು ಪ್ರತಿ ಮಾಡಿಸಿದರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ತಾವು ಅತ್ಯಲ್ಪವೆಂದ ಪ್ರಭಾವದ ಒಂದು ಪಾಲು ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಹೊತ್ತು ಮುದ್ದೆ ಉಣ್ಣುತ್ತಿದೆ. ಹೆಸರು ಪುಟ್ಟಲಕ್ಷ್ಮಮ್ಮ, ನನ್ನ ತಾಯಿ.

ಎರಡು ವರ್ಷದ ಹಿಂದೆ ಪಾಂಡವಪುರದ ಕಡೆ ನಾಟಿ ಕೆಲಸಕ್ಕೆ ಹೋಗಿದ್ದ ಅವ್ವನಿಗೆ ಜ್ವರ ಬಂತು. ಮೂರನೇ ದಿನಕ್ಕೆ ಕಣ್ಣು ಕೆಂಡವಾಯಿತು, ಮೀನಖಂಡದ ನೋವಿಗೆ ನಡೆಯಲಾಗಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎತ್ತಿಕೊಂಡು ಹೋದೆ. ಅಲ್ಲಿದ್ದ ವೈದ್ಯೆ ರಂಜಿತ, ಇನ್ನೂ ಚಿಕ್ಕ ವಯಸ್ಸಿನವರು, ಮೊದಲು ಕೇಳಿದ್ದೇ “ಯಾವ ಗದ್ದೆಗೆ ಇಳಿದಿದ್ರಿ? ಕಾಲಲ್ಲಿ ಗಾಯ ಇತ್ತಾ?” ಎಂದು.

ಅವ್ವ ನನ್ನ ಕಡೆ ತಿರುಗಿ, “ಜ್ವರ ಅಂದ್ರೆ ಗದ್ದೆ ಇಚಾರ ಕೇಳ್ತಾವ್ಳಲ್ಲ ಕಣ್ಲಾ, ಇವ್ಳೇನು ಡಾಕ್ಟ್ರೋ ಸರ್ವೇಯರ್ರೋ?” ಎಂದಳು.

ರಂಜಿತ ನಗುತ್ತಲೇ ರಕ್ತ ತೆಗೆದರು. ವರದಿಗೆ ಕಾಯದೆ ಅಂದೇ ಔಷಧಿ ಶುರು ಮಾಡಿದರು. ವರದಿ ಬಂದದ್ದು ಐದು ದಿನದ ಮೇಲೆ: ಇಲಿಜ್ವರ, ಇಲಿ ಮೂತ್ರ ಬೆರೆತ ಗದ್ದೆ ನೀರಿನಿಂದ ಕಾಲಿನ ಗಾಯದ ಮೂಲಕ ಹತ್ತುವಂಥದ್ದು. ಅಷ್ಟರಲ್ಲಿ ಅವ್ವ ಪಕ್ಕದ ಮಂಚದವರಿಗೆ ಬುದ್ಧಿ ಹೇಳುವಷ್ಟು ಚೇತರಿಸಿಕೊಂಡಿದ್ದಳು. ಕಾಯದೆ ಔಷಧಿ ಕೊಡುವ ಧೈರ್ಯ ಎಲ್ಲಿಂದ ಬಂತೆಂದು ಕೇಳಿದೆ. ರಂಜಿತ ಮೇಜಿನ ಗಾಜಿನಡಿ ಇಟ್ಟಿದ್ದ ಹಾಳೆ ತೋರಿಸಿದರು. ಭತ್ತದ ಗದ್ದೆಯ ಹೆಂಗಸರನ್ನು ಎರಡು ವರ್ಷ ಪರೀಕ್ಷಿಸಿ, ಯಾವ ಲಕ್ಷಣ ಕಂಡರೆ ಕಾಯಬಾರದೆಂದು ಬರೆದಿದ್ದ ಲೇಖನ. ಕೆಳಗೆ ಹೇಮಶ್ರೀ ಎಂಬ ಹೆಸರು.

ಮಾನ್ಯರೇ, ತಪ್ಪು ನಮ್ಮದೇ. ಗುಣವಾದವಳು ಯಾವುದಾದರೂ ವಿದೇಶಿ ಪತ್ರಿಕೆಗೆ ಬರೆದು, ಕೊನೆಗೊಂದು ಅಡಿಟಿಪ್ಪಣಿ ಹಾಕಬೇಕಿತ್ತು. ಓದು ಬರಹ ಬಾರದ ನಮ್ಮವ್ವ ನೆಟ್ಟಗೆ ಮನೆಗೆ ಬಂದುಬಿಟ್ಟಳು. ಬದುಕಿದವರಿಂದ ನಿಮ್ಮ ಸಮಿತಿಗೆ ಎಷ್ಟೊಂದು ತೊಂದರೆ!

ಆದೇಶದ ಪ್ರತಿ ಮಾಡಿಸಲು ಬಂದ ದಿನ, ಅದರಲ್ಲಿದ್ದ ಹೆಸರು ಗುರುತಿಸಿ ನಾನು ಅವ್ವನ ಕಥೆ ಹೇಳಿದಾಗ ಹೇಮಶ್ರೀ ಮೇಡಂ, “ನಾಲ್ಕು ಉಲ್ಲೇಖದಲ್ಲಿ ಒಂದನ್ನ ನನ್ನ ಇನ್ನೊಂದು ಲೇಖನದಲ್ಲಿ ನಾನೇ ಬರ್ಕೊಂಡಿದ್ದೆ ಕಣ್ರೀ” ಎಂದು ನಕ್ಕರು. ಆಮೇಲೆ ನಗಲಿಲ್ಲ. ಇನ್ನು ಹಳ್ಳಿ ಸುತ್ತುವುದಿಲ್ಲ, ಕಾಲೇಜಿನಲ್ಲೇ ಕೂತು ಬೇರೆಯವರ ಲೇಖನಗಳ ಮೇಲೆ ಲೇಖನ ಬರೆಯುತ್ತೇನೆ, ಉಲ್ಲೇಖ ಸಿಗುವುದು ಅಂಥದ್ದಕ್ಕೇ ಎಂದರು. ಮುಂದಿನ ನಾಟಿಗೆ ಗದ್ದೆಗಿಳಿಯುವವರನ್ನು ಕೇಳುವವರು ಯಾರು?

ಆ ಲೇಖನವನ್ನು ಯಾರ್ಯಾರು ಬಳಸುತ್ತಿದ್ದಾರೆಂದು ಕೇಳಲು ವಾರಕ್ಕೊಂದು ದಿನ ಅಂಗಡಿ ಮುಚ್ಚಿ ಸ್ಕೂಟರ್ ಹತ್ತಿದೆ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹನ್ನೊಂದು ಆರೋಗ್ಯ ಕೇಂದ್ರಗಳಿಗೆ ಹೋದೆ. ಏಳು ಕಡೆ ವೈದ್ಯರು ಆ ಲೇಖನ ನೋಡಿಯೇ ಇಲಿಜ್ವರಕ್ಕೆ ಔಷಧಿ ಕೊಡುತ್ತಿದ್ದಾರೆ. ಎರಡು ಕಡೆ ಹೆಸರೇ ಕೇಳಿಲ್ಲ ಎಂದರು, ಇನ್ನೆರಡು ಕಡೆ ಬೀಗ. ನಾಗಮಂಗಲದ ಹಿರಿಯ ವೈದ್ಯರೊಬ್ಬರು ಅನುಮಾನದಿಂದಲೇ, “ನಿಂಗೇನಯ್ಯ ಇದ್ರಿಂದ ಲಾಭ?” ಎಂದರು. “ನಮ್ಮವ್ವ ಸಾ” ಎಂದೆ. ಪೆನ್ನು ತೆಗೆದರು. ಹೀಗೆ ಏಳೂ ಮಂದಿ ಲೇಖನ ಬಳಸುತ್ತಿರುವುದಾಗಿ ಪತ್ರ ಬರೆದುಕೊಟ್ಟರು.

ಆ ಏಳು ಪತ್ರಗಳನ್ನು ಮೇಡಂ ಅಂಗಡಿಯ ಬೆಂಚಿನ ಮೇಲೆ ಕೂತು ಒಂದೊಂದಾಗಿ ಓದಿದರು. “ಇನ್ನೊಂದು ಸೆಟ್ ಮಾಡ್ಕೊಡಿ, ಮನೇಲಿಟ್ಕೋತೀನಿ” ಎಂದರು.

ಮೊದಲ ಸೆಟ್ ತಮಗೆ ಲಗತ್ತಿಸಿದ್ದೇನೆ. ಸಮಿತಿಯ ಮುಂದಿನ ಸಭೆಯಲ್ಲಿ ಇವನ್ನು ಓದಿಸಿ, ಆದೇಶವನ್ನು ಮರುಪರಿಶೀಲಿಸಿ, ಲಿಖಿತ ಉತ್ತರ ಕೊಡಬೇಕು. ಎಂಟನೆಯ ಹಾಳೆ ಯಾವ ವೈದ್ಯರದ್ದೂ ಅಲ್ಲ. ನಾನು ಬರೆದ ಈ ಪತ್ರ ಓದಿ ಹೇಳಿದಾಗ ಅವ್ವ, “ನಂದೂ ಒಂದು ಹೆಬ್ಬೆಟ್ಟು ಒತ್ಕೊಡ್ತೀನಿ, ಲೆಕ್ಕಕ್ಕೆ ಬತ್ತದಾ ಕೇಳ್ಲಾ” ಎಂದಳು. ಕೇಳುತ್ತಿದ್ದೇನೆ.

ಇಂತಿ,
ಸಾವಿರಾರು ಪುಟ ಪ್ರತಿ ತೆಗೆದೂ ಒಂದು ಸಾಲೂ ಪ್ರಕಟಿಸದ,
ಕನಕರಾಜು
ಶ್ರೀರಂಗಪಟ್ಟಣ