ಅಪ್ಪಾಜಿಯ ‘ನೋಡೋಣ’

ದಾವಣಗೆರೆ
ಫೆಬ್ರವರಿ ಮೂವತ್ತು, 2162

ಪ್ರೀತಿಯ ಇಂಚರಜ್ಜಿಗೆ,

ಇಪ್ಪತ್ತೆರಡು ವರ್ಷದ ನಿಮ್ಮನ್ನು ಅಜ್ಜಿ ಎಂದರೆ ಸಿಟ್ಟು ಬರುತ್ತದೆಂದು ಗೊತ್ತು. ಏನು ಮಾಡಲಿ, ನಾನು ನಿಮ್ಮ ಮರಿಮೊಮ್ಮಗಳ ಮಗಳು. ತಾರೀಖು ಕಂಡು ಗಾಬರಿಯಾಗಬೇಡಿ. ಫೆಬ್ರವರಿಗೆ ಬಹಳ ಕಾಲದಿಂದ ಅನ್ಯಾಯವಾಗಿದೆಯೆಂದು ಜನವರಿ, ಮಾರ್ಚ್‌ಗಳಿಂದ ಒಂದೊಂದು ದಿನ ಕಿತ್ತು ಅದಕ್ಕೆ ಕೊಟ್ಟಿದ್ದೇವೆ. ನನ್ನ ಕೆಲವು ಶಬ್ದಗಳು ವಿಚಿತ್ರವೆನಿಸಿದರೂ ಕ್ಷಮಿಸಿ.

ಊರು ಗುರುತು ಸಿಗದಷ್ಟೇನೂ ಬದಲಾಗಿಲ್ಲ. ಬಿಸಿಲಿಗೆ ಹೊರಟರೆ ತಲೆಯ ಮೇಲೆ ನಡೆಚಪ್ಪರ ಬರುತ್ತದೆ, ಅಂದರೆ ನಮ್ಮ ಜೊತೆ ತಾನೂ ನಡೆಯುವ ಶಾಮಿಯಾನ. ಶಾಮಿಯಾನದ ಅಂಗಡಿಯ ನಿಮ್ಮ ಅಪ್ಪಾಜಿ ಕಂಡಿದ್ದರೆ ಮೊದಲು ಅದರ ಹಗ್ಗ ಎಲ್ಲಿ ಎಂದು ಹುಡುಕುತ್ತಿದ್ದರು. ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ಇದ್ದೇ ಇದೆ. ನನ್ನ ಕೆಲಸ ಬಿಡಿಸುಗಾರಿಕೆ. ಕಂಪನಿಯೋ ಆಸ್ಪತ್ರೆಯೋ ದಾರಿ ಕಾಣದೆ ಕೂತಾಗ ಒಳಗೆ ಏನು ಸಿಕ್ಕಾಗಿದೆಯೆಂದು ಹುಡುಕಿ ಬಿಡಿಸುತ್ತೇವೆ. ನೀವು ಅದನ್ನೇ ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಎನ್ನುತ್ತಿದ್ದಿರಂತೆ, ಬಾಯಿ ನೋಯುತ್ತಿರಲಿಲ್ಲವೇ? ನಮ್ಮ ಸಭೆಯಲ್ಲಿ ಯಾರಾದರೂ ‘ನೋಡೋಣ’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಎಲ್ಲರಿಗೂ ಚಹಾ ಬರುತ್ತದೆ. ಆಮೇಲೆ ಒಬ್ಬರು, ಏನು ನೋಡಬೇಕು ಎಂದು ಮೆಲ್ಲಗೆ ಕೇಳುತ್ತಾರೆ. ಅದಕ್ಕೆ ‘ಇಂಚರ ಚಹಾ’ ಎಂದು ಹೆಸರು.

ಹೌದು, ನಿಮ್ಮದೇ ಹೆಸರು. ಹೋದ ತಿಂಗಳು ನಿಮ್ಮ ಫೈನಾನ್ಸ್ ಕಂಪನಿ ಇಂಟರ್ನ್ ಆದ ನಿಮ್ಮನ್ನು ಮಂಡಕ್ಕಿ ಹುರಿಯುವ ಭಟ್ಟಿಯೊಂದಕ್ಕೆ ಕಳಿಸಿತಲ್ಲ, ಹೊಸ ಮಷಿನ್ನಿಗೆ ಸಾಲ ಕೊಡುವ ವಿಚಾರವಾಗಿ? ಮಾಲೀಕರು ‘ನೋಡೋಣ’ ಎಂದರು. ಹೊರಗಿನಿಂದ ಬಂದ ನಿಮ್ಮ ಮೇಲಧಿಕಾರಿ ಅದನ್ನು ಒಪ್ಪಿಗೆಯೆಂದು ಬರೆದುಕೊಂಡರು. ಈ ಊರಲ್ಲಿ ಹುಟ್ಟಿದ ನಿಮಗೆ ಅದು ‘ಬೇಡ’ ಎಂದು ತಿಳಿಯಿತು. ನೀವು ಹಿಂದೆ ಉಳಿದು, ಅವರು ಕೊಟ್ಟ ಚಹಾ ಕುಡಿಯುತ್ತ, ಏನು ನೋಡಬೇಕು ಎಂದು ಕೇಳಿದಿರಿ. ಮಷಿನ್ ಬಂದರೆ ತಮ್ಮನಿಗೆ ಕೆಲಸವಿರುವುದಿಲ್ಲ ಎಂಬ ಸಂಕಟ ಅವರದು. ಭಟ್ಟಿ ಅಣ್ಣನಿಗೆ, ಮಾರಾಟ ತಮ್ಮನಿಗೆ ಎಂಬ ದಾರಿಯನ್ನು, ತಮ್ಮನನ್ನೂ ಕರೆದು, ನೀವು ಮೂವರೂ ಕೂತು ಹುಡುಕಿದಿರಿ. ಅವತ್ತು ಮನೆಗೆ ಬರುವಾಗ ನಿಮ್ಮ ಕಾಲು ನೆಲದ ಮೇಲಿರಲಿಲ್ಲವಂತೆ. ಕನ್ಸಲ್ಟಿಂಗ್ ಕಂಪನಿಗೆ ಅರ್ಜಿ ಹಾಕಿದ್ದೂ ಅದೇ ವಾರ.

ಈಗ ಆ ಕನ್ಸಲ್ಟಿಂಗ್ ಕಂಪನಿಯವರು ಕೆಲಸಕ್ಕೆ ಕರೆದಿದ್ದಾರೆ, ಉತ್ತರ ನಾಳೆಯೊಳಗೆ ಹೋಗಬೇಕು. ಫೈನಾನ್ಸಿನವರೂ ಕಾಯಂ ಮಾಡುತ್ತೇವೆ ಎಂದಿದ್ದಾರೆ. ಅಪ್ಪಾಜಿಯನ್ನು ಕೇಳಿದಿರಿ, ಅವರು ‘ನೋಡೋಣ ಬಿಡವ್ವ’ ಎಂದರು. ಮುಗಿಯಿತು, ಮುಖ ಸಣ್ಣದು ಮಾಡಿಕೊಂಡು ಎದ್ದುಬಂದಿರಿ. ಭಟ್ಟಿಯವರನ್ನು ಕೇಳಿದ ಜಾಣೆ ಸ್ವಂತ ಅಪ್ಪನನ್ನು ಕೇಳಲಿಲ್ಲ. ನನಗೆ ನಗುವೂ ಬರುತ್ತದೆ, ನಿಮ್ಮ ಮೇಲೆ ಮುದ್ದೂ ಬರುತ್ತದೆ.

ಅಪ್ಪಾಜಿಗೆ ಆ ಕನ್ಸಲ್ಟಿಂಗ್ ಕೆಲಸ ಬೇಡವೆಂದಿಲ್ಲ, ಅಜ್ಜಿ. ಊರಿನ ಪ್ರತಿ ಮದುವೆಗೂ ಚಪ್ಪರ ಹಾಕುವ ಮನುಷ್ಯ ಅವರು. ನಮ್ಮ ಮನೆಯಲ್ಲಿ ಇವತ್ತಿಗೂ ಹೇಳಿ ನಗುವ ಅವರ ಮಾತು ಇದು: “ಮದ್ವಿ ಮನ್ಯಾಗ ಮಗಳು ಏನ್ ಮಾಡ್ತಾಳಂತ ಕೇಳಿದ್ರ ನಾ ಏನಂತ ಹೇಳ್ಲವ್ವ?” ಫೈನಾನ್ಸ್ ಎಂದರೆ ಎಲ್ಲರಿಗೂ ಗೊತ್ತು. ಇದಕ್ಕೆ ಅವರ ಬಾಯಲ್ಲಿ ಹೆಸರಿಲ್ಲ. ನೀವು ಹೋಗಿ ಕೇಳಿದರೆ ಈ ಮಾತು ಬರುತ್ತದೆ. ಆಗ ನೀವು ಕೊಡುವ ಉತ್ತರವನ್ನು ನಾನು ಬರೆಯುವುದಿಲ್ಲ. ಶಾಮಿಯಾನದ ಹಗ್ಗದ ಗಂಟುಗಳನ್ನು ಜೀವನವಿಡೀ ಬಿಡಿಸಿದ ಕೈ ಅವರದು, ನನ್ನ ಕೆಲಸದ ಹೆಸರನ್ನು ಇನ್ನೊಮ್ಮೆ ಓದಿಕೊಳ್ಳಿ.

ಇಷ್ಟು ಬುದ್ಧಿ ಹೇಳುವ ನನಗೆ ಇವತ್ತು ಏನಾಯಿತು ಗೊತ್ತೇ? ಮಗಳು ಋತಾ ಬಿಡಿಸುಗಾರಿಕೆ ಬಿಟ್ಟು ಹಣಕಾಸು ಕಲಿಯಲು ಬೇರೆ ಊರಿಗೆ ಹೊರಡುತ್ತೇನೆ ಎಂದಳು. ನನ್ನ ಬಾಯಿಂದ ಬಂದದ್ದು ‘ನೋಡೋಣ’. ಅವಳು ಎದ್ದು ಒಳಗೆ ಹೋದಳು. ಈಗ ಅಡುಗೆಮನೆಯಿಂದ ಚಹಾದ ವಾಸನೆ ಬರುತ್ತಿದೆ, ಎರಡು ಲೋಟ ಇಟ್ಟ ಸದ್ದೂ ಕೇಳಿಸಿತು. ಅವಳು ಕೇಳಿದರೆ ನಿಜ ಹೇಳಬೇಕು, ನೀನಿಲ್ಲದೆ ಮನೆ ಬಿಕೋ ಎನ್ನುತ್ತದೆ ಎಂಬ ಹೆದರಿಕೆ, ಮತ್ತೇನಿಲ್ಲ ಎಂದು.

ಬಂದಳು. ಪತ್ರ ನಿಲ್ಲಿಸುತ್ತೇನೆ. ಅಪ್ಪಾಜಿ ಇನ್ನೂ ಜಗಲಿಯ ಮೇಲೇ ಕೂತಿದ್ದಾರೆ, ನೀವೂ ಎದ್ದು ಚಹಾಕ್ಕಿಡಿ.

ನಿಮ್ಮ
ಹೊಂಬಾಳೆ